‘ಹಿಮ ಬೀಳಲಿ, ಆಮೇಲೆ ನೋಡಿ ನನ್ನ ಪ್ರತಾಪ!’

ಬಿಳಿಗೆರೆಯ ಅಟ್ಟವೊಂದರಲ್ಲಿ ಸ್ನೋ ಚೈನ್ ಜೊತೆ ಮಾತುಕತೆ

ತಿಪಟೂರು ತಾಲ್ಲೂಕಿನ ಬಿಳಿಗೆರೆಯಲ್ಲಿ ಹಿಮ ಬಿದ್ದದ್ದನ್ನು ಕಂಡವರು ಯಾರೂ ಇಲ್ಲ. ಮಾಗಿಯ ಬೆಳಗಿನಲ್ಲಿ ತೋಟದ ಮೇಲೆ ಇಬ್ಬನಿ ಕೂರುತ್ತದೆ. ಬಿಸಿಲು ಏರಿದ ಹಾಗೆ ಅದೂ ಎದ್ದು ಹೋಗುತ್ತದೆ. ಅಂಥ ಊರಿನ ಒಂದು ಮನೆಯ ಅಟ್ಟದಲ್ಲಿ, ಕೊಬ್ಬರಿಯಾಗಲೆಂದು ತುಂಬಿಟ್ಟ ಕಾಯಿರಾಶಿಯ ಪಕ್ಕದಲ್ಲಿ, ಹಿಮದ ಮೇಲೆ ಗಾಡಿ ಜಾರದಂತೆ ಚಕ್ರಕ್ಕೆ ಕಟ್ಟುವ ಸ್ನೋ ಚೈನ್ ಒಂದು ಮೊಳೆಗೆ ನೇತಾಡುತ್ತಿದೆ ಎಂಬ ಸುದ್ದಿ ಬಂತು. ಮಂತ್ರಿಗಳು, ಮಠಾಧೀಶರು, ಸಿನಿಮಾದವರು ಎಲ್ಲರ ಸಂದರ್ಶನವೂ ಮುಗಿದಿದ್ದ ವಾರ ಅದು. ಸಂಪಾದಕರು ‘ಅದನ್ನೇ ಮಾತಾಡಿಸಿಕೊಂಡು ಬಾ’ ಎಂದರು. ಮನೆಯ ಯಜಮಾನರು ಏಣಿ ತೋರಿಸಿ, ‘ಕಾಯಿ ಮೇಲೆ ಕಾಲಿಡಬೇಡಿ ಸ್ವಾಮಿ, ಹತ್ತು ತಿಂಗಳಿಂದ ಮಡಗಿದೀವಿ’ ಎಂದು ಎಚ್ಚರಿಸಿ ಮೇಲೆ ಕಳಿಸಿದರು.

ನಾವು: ನಮಸ್ಕಾರ. ತಮ್ಮ ಪರಿಚಯ?

ಚೈನ್: ಮೊದಲು ಈ ಧೂಳು ಒರೆಸಿ, ಆಮೇಲೆ ಫೋಟೊ ತೆಗೆಯಿರಿ. ನಾನು ಸ್ನೋ ಚೈನ್. ಪೊಲೀಸ್ ಪ್ರಕಟಣೆಗಳಲ್ಲಿ ನನ್ನ ಹೆಸರು ಆಂಟಿ-ಸ್ಕಿಡ್ ಚೈನ್. ಕಾಶ್ಮೀರದಲ್ಲಿ ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಹದಿಮೂರು ಕಿಲೋಮೀಟರಿನಷ್ಟು ಏರುದಾರಿ. ಹಿಮ ಬಿದ್ದ ದಿನ ನಾನಿಲ್ಲದ ಗಾಡಿಯನ್ನು ಕೆಳಗೇ ನಿಲ್ಲಿಸುತ್ತಾರೆ. ಅಲ್ಲಿ ನನ್ನನ್ನು ಕಟ್ಟಿಕೊಂಡ ಟ್ಯಾಕ್ಸಿಗೆ ಒಂದು ದರ, ಕಟ್ಟಿಕೊಳ್ಳದ ಟ್ಯಾಕ್ಸಿಗೆ ಗಿರಾಕಿಯೇ ಇಲ್ಲ. ಅಂಥವನು ನಾನು, ಇಲ್ಲಿ ಇಲಿಗಳ ಜೊತೆ ಇದ್ದೇನೆ.

ನಾವು: ಇಲ್ಲಿಗೆ ಬಂದದ್ದು ಹೇಗೆ?

ಚೈನ್: ಕೊಬ್ಬರಿ ಕರೆತಂದಿತು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಎಂದು ಕಾಗದದಲ್ಲಿತ್ತು. ತಿಪಟೂರಿನ ಹರಾಜಿನಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಜಾರಿತ್ತು. ಆಗ ಈ ಮನೆಯಲ್ಲಿ ಸ್ಕೂಟರಿನ ಟೈರು ಬದಲಿಸಲೂ ಮೀನಮೇಷ ಎಣಿಸುತ್ತಿದ್ದರಂತೆ. ಇದು ಇಲ್ಲಿನ ಹಳೆಯ ನಿವಾಸಿಗಳು ಹೇಳಿದ್ದು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ವರ್ಷದ ಕೊನೆಗೆ ಮಾರುಕಟ್ಟೆಯೂ ತಲೆಯೆತ್ತಿತು. ಬೆಲೆ ತಲೆಯೆತ್ತಿದರೆ ಯಜಮಾನರ ಮಗ ಸುಮ್ಮನಿರುತ್ತಾನೆಯೆ? ಸಾಲ ಮಾಡಿ ಒಂದು ಎತ್ತರದ ಗಾಡಿ ತಂದ. ಡಿಸೆಂಬರಿನಲ್ಲಿ ಸಂಸಾರ ಸಮೇತ ಮನಾಲಿಗೆ ಹೊರಟರು. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಗಾಡಿಯಲ್ಲಿ ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಒಂದು ಮೂಟೆ ಎಳನೀರು. ಎಳನೀರು ನಾಗಪುರದವರೆಗೆ ಬಂತು.

ಮನಾಲಿಯ ಅಂಗಡಿಯವನು ‘ಚೈನ್ ಇಲ್ಲದೆ ಮುಂದೆ ಬಿಡಲ್ಲ ಸಾಬ್’ ಎಂದ. ಬಾಡಿಗೆಗೂ ಸಿಗುತ್ತಿದ್ದೆ. ಯಜಮಾನರು ‘ಬಾಡಿಗೆ ಯಾಕೆ, ಕೊಂಡೇಬಿಡು, ಮುಂದಕ್ಕೆ ಬರುತ್ತೆ’ ಎಂದರು. ಮುಂದಕ್ಕೆ ಬರುತ್ತೆ ಎಂಬ ಒಂದೇ ಮಾತಿನಿಂದ ಈ ಅಟ್ಟ ಸೇರಿದವನು ನಾನೊಬ್ಬನೇ ಅಲ್ಲ. ಆ ಮೂಲೆ ನೋಡಿ. ತುಕ್ಕು ಹಿಡಿದ ವ್ಯಾಯಾಮದ ಸೈಕಲ್ಲು, ಬಾಯಿ ಬಿಡದ ಕಾಯಿ ಸುಲಿಯುವ ಯಂತ್ರ, ಮದುವೆಗೆ ಬಂದ ಹದಿನಾಲ್ಕು ಗೋಡೆ ಗಡಿಯಾರ.

ನಾವು: ಸರಿ, ಹಿಮದ ಮೇಲೆ ನಿಮ್ಮ ಮೊದಲ ಪ್ರದರ್ಶನ ಹೇಗಿತ್ತು?

ಚೈನ್: ಅದನ್ನು ಹೇಳುವ ಮೊದಲು ಆ ಜಾಗದ ವಿಷಯ ತಿಳಿದಿರಲಿ. ಹಿಂದೆ ಚಳಿಗಾಲ ಬಂದರೆ ರೋಹ್ತಾಂಗ್ ಕಣಿವೆ ಮುಚ್ಚುತ್ತಿತ್ತು, ಪ್ರವಾಸಿಗಳು ಮನಾಲಿಯಲ್ಲೇ ಹಿಮದ ಮುದ್ದೆ ಕಟ್ಟಿ ಎಸೆದಾಡಿ ವಾಪಸಾಗುತ್ತಿದ್ದರು. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆಯಿತು, ಉದ್ದ 9.02 ಕಿಲೋಮೀಟರು. ಆಮೇಲೆ ಚಳಿಗಾಲದಲ್ಲೂ ಜನ ಸುರಂಗದಾಚೆಯ ಲಾಹೌಲ್ ಕಡೆ ನುಗ್ಗತೊಡಗಿದರು. ಸುರಂಗದೊಳಗೆ ಹಿಮವಿಲ್ಲ. ಅದರ ಎರಡು ಬಾಯಿಗಳ ಹೊರಗೆ ಇರುವುದೆಲ್ಲ ಹಿಮವೇ ಎಂಬುದನ್ನು ಜನ ಒಳಗಿರುವಾಗ ಮರೆಯುತ್ತಾರೆ. 2024ರ ಡಿಸೆಂಬರಿನಲ್ಲಿ ಒಂದು ದಿನ ಜೋರು ಹಿಮ ಬಿದ್ದು, ಸೋಲಂಗ್‌ಗೂ ಸುರಂಗಕ್ಕೂ ನಡುವೆ ಸಾವಿರದಷ್ಟು ವಾಹನ ಸಿಕ್ಕಿಬಿದ್ದವು. ಪೊಲೀಸರು ರಾತ್ರಿಯೆಲ್ಲ ನಿಂತು ಜನರನ್ನು ಇಳಿಸಿದರು.

ನಾವು: ಆ ಸಾವಿರದಲ್ಲಿ ನೀವೂ ಇದ್ದಿರಾ?

ಚೈನ್: ಇದ್ದೆ. ಡಿಕ್ಕಿಯಲ್ಲಿದ್ದೆ. ನನ್ನ ಮೇಲೆ ಎರಡು ಸೂಟ್‌ಕೇಸು, ಅದರ ಮೇಲೆ ರಾಗಿಹಿಟ್ಟು. ಜಾರುವುದಕ್ಕೆ ಮೊದಲು ಕಟ್ಟಬೇಕಾದವನನ್ನು ಜಾರಿ ಅಡ್ಡಡ್ಡ ನಿಂತ ಮೇಲೆ ಹುಡುಕುತ್ತಾರೆ. ಅದಕ್ಕೂ ಮೊದಲು ಒಂದು ಕೆಲಸ ಆಗಿತ್ತು ಅನ್ನಿ. ಮಗ ನನ್ನನ್ನು ಕೊರಳಿಗೆ ಹಾರ ಮಾಡಿಕೊಂಡು ಫೋಟೊ ತೆಗೆಸಿಕೊಂಡಿದ್ದ. ಚಕ್ರಕ್ಕಿಂತ ಮೊದಲು ನಾನು ಕಂಡದ್ದು ಅವನ ಕೊರಳು.

ನಾವು: ಆಮೇಲಾದರೂ ಕಟ್ಟಿದರೆ?

ಚೈನ್: ಅವರಲ್ಲ. ಪಕ್ಕದ ಹಳ್ಳಿಯ ಹುಡುಗನೊಬ್ಬ ಐನೂರು ರೂಪಾಯಿಗೆ ಕಟ್ಟಿದ. ಎಂಥ ಕೈ ಅಂತೀರಿ! ಮೊದಲು ನನ್ನನ್ನು ಹಿಮದ ಮೇಲೆ ಉದ್ದಕ್ಕೆ ಹಾಸಿ ಸಿಕ್ಕು ಬಿಡಿಸಿದ. ಕೊಕ್ಕೆಯ ಚೂಪು ತುದಿ ಟೈರಿಗೆ ತಾಗದ ಹಾಗೆ ನಯವಾದ ಮಗ್ಗುಲು ಒಳಕ್ಕೆ ತಿರುಗಿಸಿದ. ಚಕ್ರದ ಮೇಲೆ ಹೊದಿಸಿದ. ಹಿಂಬದಿಯ ಕೊಕ್ಕೆ ಕೈಯಂದಾಜಿನಲ್ಲೇ ಸಿಕ್ಕಿಸಿದ, ಆಮೇಲೆ ಮುಂಬದಿಯದು, ಆಮೇಲೆ ಬಿಗಿ. ಗಾಡಿ ಒಂದಷ್ಟು ಮುಂದೆ ಹೋಗಲಿ ಅಂದ. ನಿಲ್ಲಿಸಿ ಮತ್ತೆ ಬಿಗಿ ಮಾಡಿದ. ಎರಡನೇ ಬಿಗಿ ಮಾಡದವನು ಕಟ್ಟಿಯೇ ಇಲ್ಲ ಅಂತ ನಮ್ಮಲ್ಲಿ ಲೆಕ್ಕ. ಉರುಳಿದಾಗ ನಾನು ಸಡಿಲವಾಗುತ್ತೇನೆ, ಸಡಿಲವಾದ ಬಾಲ ಚಕ್ರದ ಮನೆಯ ತಗಡಿಗೂ ಬ್ರೇಕಿನ ಪೈಪಿಗೂ ಬಡಿಯುತ್ತದೆ. ಇಷ್ಟನ್ನೂ ಆ ಹುಡುಗ ಹೇಳುತ್ತಿದ್ದ. ನಮ್ಮ ಮಗರಾಯ ರೀಲ್ಸ್ ಮಾಡುತ್ತಿದ್ದ. ವಿಡಿಯೊದಲ್ಲಿ ಹುಡುಗನ ಮಾತಿನ ಬದಲು ಸಿನಿಮಾ ಹಾಡು ಹಾಕಿದ್ದಾನೆ.

ನಾವು: ಯಾವ ಚಕ್ರಕ್ಕೆ ಕಟ್ಟಿದ?

ಚೈನ್: ಒಳ್ಳೇ ಪ್ರಶ್ನೆ. ಎಳೆಯುವ ಚಕ್ರಕ್ಕೆ. ಈ ಮನೆಯ ಗಾಡಿ ನೋಡಲು ಬೆಟ್ಟ ಹತ್ತುವ ಗಾಡಿಯ ಹಾಗಿದೆ, ಚಾವಣಿಯ ಮೇಲೆ ಕಂಬಿ, ಬಾಗಿಲಿಗೆ ಕಪ್ಪು ಪಟ್ಟಿ ಎಲ್ಲಾ ಇವೆ. ಆದರೆ ಎಂಜಿನ್ನು ಎಳೆಯುವುದು ಮುಂದಿನ ಎರಡು ಚಕ್ರವನ್ನು ಮಾತ್ರ. ಆದ್ದರಿಂದ ಹುಡುಗ ಮುಂದಕ್ಕೆ ಕಟ್ಟಿದ. ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಹಿಂದಕ್ಕೆ. ನಾಲ್ಕೂ ಎಳೆಯುವ ಗಾಡಿಯಾದರೆ ಜೊತೆಗೆ ಕೊಟ್ಟ ಪುಸ್ತಕ ಓದಬೇಕು. ಆ ಪುಸ್ತಕವನ್ನು ಕರ್ನಾಟಕದಲ್ಲಿ ಇದುವರೆಗೆ ಯಾರಾದರೂ ಬಿಡಿಸಿದ್ದರೆ ನನಗೆ ತೋರಿಸಿ.

ನಾವು: ನಾಲ್ಕೂ ಚಕ್ರ ಎಳೆಯುವ ಗಾಡಿಗೆ ನಿಮ್ಮ ಹಂಗೇ ಬೇಡವಂತೆ?

ಚೈನ್: ಹೊರಡುವಾಗ ಬೇಡದಿರಬಹುದು. ನಿಲ್ಲುವಾಗ? ನಾಲ್ಕು ಚಕ್ರ ಎಳೆದರೂ ಎರಡು ಎಳೆದರೂ ಬ್ರೇಕು ಒತ್ತಿದ ಮೇಲೆ ಎಲ್ಲ ಗಾಡಿಯೂ ಒಂದೇ. ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಗಂಟೆಗೆ 40 ಕಿಲೋಮೀಟರಿನಲ್ಲಿ ಬ್ರೇಕು ಒತ್ತಿದರೆ ಒಣ ಟಾರಿನ ಮೇಲೆ ಸುಮಾರು 8 ಮೀಟರಿಗೆ ನಿಲ್ಲುವ ಗಾಡಿ, ತುಳಿದು ಗಟ್ಟಿಯಾದ ಹಿಮದ ಮೇಲೆ 25 ಮೀಟರು ಹೋಗುತ್ತದೆ, ಮಂಜುಗಡ್ಡೆಯ ಮೇಲೆ 60 ದಾಟುತ್ತದೆ. ಇಲ್ಲಿನವರಿಗೆ ಮೀಟರು ಹಿಡಿಸದಿದ್ದರೆ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಸಸಿಯಿಂದ ಸಸಿಗೆ ಮೂವತ್ತಡಿ ಬಿಟ್ಟು ನೆಟ್ಟ ಸಾಲಿನ ಪಕ್ಕ ಓಡಿಸುತ್ತಿದ್ದೀರಿ ಅಂದುಕೊಳ್ಳಿ. ಟಾರಿನಲ್ಲಿ ಮುಂದಿನ ಮರದೊಳಗೆ ನಿಂತಿರಿ. ಹಿಮದಲ್ಲಿ ಮೂರನೇ ಮರ. ಮಂಜುಗಡ್ಡೆಯಲ್ಲಿ ಏಳನೇ ಮರ, ಅದೂ ನಡುವೆ ಯಾವುದೂ ಅಡ್ಡ ಬರದಿದ್ದರೆ.

ನಾವು: ನಿಮ್ಮನ್ನು ಕಟ್ಟಿಕೊಂಡರೆ ಈ ಲೆಕ್ಕವೆಲ್ಲ ಸರಿಹೋಗುತ್ತದೆಯೆ?

ಚೈನ್: ಸುಧಾರಿಸುತ್ತದೆ, ಟಾರಿನಷ್ಟು ಆಗುವುದಿಲ್ಲ. ನನ್ನ ಕೊಂಡಿಗಳು ಹಿಮವನ್ನು ಕಚ್ಚುತ್ತವೆ, ಅಷ್ಟೇ ನನ್ನ ವಿದ್ಯೆ. ನನಗೊಂದು ದೊಡ್ಡ ಬೇಸರ ಇರುವುದೂ ಇಲ್ಲೇ. ಜನ ನನ್ನನ್ನು ಕಟ್ಟಿಕೊಂಡ ತಕ್ಷಣ ಧೈರ್ಯ ಬಂತೆಂದು ಕಾಲು ಒತ್ತುತ್ತಾರೆ. ಗಂಟೆಗೆ ಐವತ್ತೇ ನನ್ನ ಗಡಿ, ಎಷ್ಟೋ ಕಡೆ ನಲವತ್ತೇ ಸಾಕು ಅನ್ನುತ್ತಾರೆ. ಮೀರಿದರೆ ನಾನು ಹರಿದು ಮಡ್‌ಗಾರ್ಡನ್ನೂ ಹರಿಯುತ್ತೇನೆ. ನಾನು ನಿಧಾನಕ್ಕೆ ಹುಟ್ಟಿದವನು ಸ್ವಾಮಿ. ನಿಧಾನವನ್ನು ಆರು ಸಾವಿರ ಕೊಟ್ಟು ಕೊಂಡುಕೊಂಡು ಅದರ ಮೇಲೆ ಅವಸರ ಮಾಡುವವರನ್ನು ಮನಾಲಿಯಲ್ಲಿ ನೋಡಿ ನನಗೆ ತಲೆ ಕೆಟ್ಟಿತು.

ಇನ್ನೊಂದು ಕಥೆ ಕೇಳಿ. ಹಿಮ ಮುಗಿದು ಟಾರು ಕಾಣಿಸಿದ ಕೂಡಲೇ ನನ್ನನ್ನು ಬಿಚ್ಚಬೇಕು. ಗದ್ದೆ ಉಳುವ ಟ್ರ್ಯಾಕ್ಟರಿನ ಕೇಜ್ ವೀಲು ಟಾರು ರಸ್ತೆಗೆ ಇಳಿದರೆ ನಿಮ್ಮಲ್ಲಿ ಬೈಯುವುದಿಲ್ಲವೆ? ಅದೇ ಕಾರಣ. ರಸ್ತೆಯೂ ಕೆರೆದುಹೋಗುತ್ತದೆ, ನಾನೂ ಸವೆಯುತ್ತೇನೆ. ನಮ್ಮ ಮಗ ಬಿಚ್ಚಲಿಲ್ಲ. ಟಾರಿನ ಮೇಲೆ ನಾನು ಮಾಡುವ ಝಣಝಣ ಸದ್ದು ವಿಡಿಯೊಗೆ ಚೆನ್ನಾಗಿತ್ತಂತೆ. ಎರಡು ಅಡ್ಡಕೊಂಡಿ ಅಲ್ಲೇ ಹೋದವು. ನೋಡಿ, ಇಲ್ಲಿ ಬೇಲಿ ತಂತಿ ಸುತ್ತಿದ್ದಾರೆ.

ನಾವು: ನಿಮ್ಮ ಸ್ಪರ್ಧಿಗಳ ಬಗ್ಗೆ ಏನಂತೀರಿ? ಚಳಿಗಾಲದ ಟೈರು, ಮೊಳೆಯ ಟೈರು, ಬಟ್ಟೆಯ ಕವಚ...

ಚೈನ್: ಚಳಿಗಾಲದ ಟೈರು ಒಳ್ಳೆಯವನು, ಸುಳ್ಳು ಹೇಳಬಾರದು. ಮಾಮೂಲಿ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತ ಹೋದರೆ ಇವನು ಮೆದುವಾಗೇ ಇರುತ್ತಾನೆ. ಮೈತುಂಬ ಸಣ್ಣ ಸೀಳುಗಳು. ಹಿಮ, ಮಂಜುಗಡ್ಡೆಯ ರಸ್ತೆಗೆ ಇಳಿಯಬೇಕಾದರೆ ಜರ್ಮನಿಯಲ್ಲಿ ಇವನು ಕಡ್ಡಾಯ. ಬಿಳಿಗೆರೆಗೆ ಬಂದರೆ ಮಾತ್ರ ಏಪ್ರಿಲ್ ಬಿಸಿಲಿಗೆ ಸವೆದು ಸಣ್ಣಗಾಗುತ್ತಾನೆ. ಮೊಳೆಯ ಟೈರಿನ ಸುದ್ದಿ ಬೇಡ. ಮಂಜುಗಡ್ಡೆಯ ಮೇಲೆ ಶೂರ, ಉಳಿದ ಕಡೆ ರಸ್ತೆ ಕೆರೆಯುವವನು. ಜಪಾನಿನಲ್ಲಿ ಇವನು ಎಬ್ಬಿಸಿದ ಧೂಳಿನ ಕಾಟ ತಾಳದೆ 1990ರಲ್ಲಿ ಕಾನೂನು ಮಾಡಿ ಹತ್ತಿಕ್ಕಿದರು. ಬಟ್ಟೆಯ ಕವಚ ನಾರ್ವೆಯವನು, ಚಕ್ರಕ್ಕೆ ಕಾಲುಚೀಲ ಹಾಕಿದ ಹಾಗೆ ಏರಿಸುತ್ತಾರೆ. ಹಗುರ, ಸುಲಭ, ಬೇಗ ಹರಿಯುತ್ತಾನೆ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬರೆಯಬೇಡಿ ಅದನ್ನ.

ನಾವು: ವಿದೇಶದಲ್ಲಿ ಬಂಧುಬಳಗ?

ಚೈನ್: ಬೇಕಾದಷ್ಟು. ಯಜಮಾನರ ಮಗಳು, ಅಳಿಯ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿದ್ದಾರೆ. ಚಳಿಗಾಲದ ರಜಕ್ಕೆ ಲೇಕ್ ತಾಹೊ ಕಡೆ ಹೋಗುತ್ತಾರೆ, ದಾರಿಯಲ್ಲಿ ಡಾನರ್ ಪಾಸ್. ಅಲ್ಲಿ ನಮ್ಮವರದ್ದೇ ಆಡಳಿತ. ಮೂರು ದರ್ಜೆ. ಆರ್-1 ಅಂದರೆ ಚೈನ್ ಕಟ್ಟಿ, ಇಲ್ಲವೆ ಹಿಮದ ಟೈರು ತೋರಿಸಿ. ಆರ್-2 ಅಂದರೆ ನಾಲ್ಕೂ ಚಕ್ರ ಎಳೆಯಬೇಕು, ನಾಲ್ಕಕ್ಕೂ ಹಿಮದ ಟೈರು ಇರಬೇಕು, ಉಳಿದವರೆಲ್ಲ ಕಟ್ಟಬೇಕು. ಆರ್-3 ಅಂದರೆ ಯಾರಿಗೂ ವಿನಾಯಿತಿ ಇಲ್ಲ; ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ. ವಿನಾಯಿತಿ ಸಿಕ್ಕ ಗಾಡಿಯೂ ಡಿಕ್ಕಿಯಲ್ಲಿ ನಮ್ಮವನೊಬ್ಬನನ್ನು ಇಟ್ಟುಕೊಂಡಿರಲೇಬೇಕು.

ನಾವು: ಅಳಿಯಂದಿರು ತಾವೇ ಕಟ್ಟುತ್ತಾರೆಯೆ?

ಚೈನ್: ಅವರು ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರು. ಅಲ್ಲಿ ರಸ್ತೆ ಪಕ್ಕದಲ್ಲಿ ನಂಬರಿನ ಜಾಕೆಟ್ ಹಾಕಿಕೊಂಡು, ಸರ್ಕಾರದ ಪರವಾನಗಿ ಇಟ್ಟುಕೊಂಡು ಚೈನ್ ಕಟ್ಟಿಕೊಡುವವರು ನಿಂತಿರುತ್ತಾರೆ. ದುಡ್ಡು ಕೊಟ್ಟು ಕಟ್ಟಿಸುತ್ತಾರೆ. ಈ ವಿಷಯದಲ್ಲಿ ಬಾಮೈದ ಭಾವ ಇಬ್ಬರದೂ ಒಂದೇ ಮನೆತನ.

ನಾವು: ನಿಮ್ಮ ಸ್ವಂತ ಮನೆತನದ ಬಗ್ಗೆ ಹೇಳಿ.

ಚೈನ್: (ಕೊಂಡಿ ಕೊಡವಿ, ನೆಟ್ಟಗೆ ನೇತಾಡಿ) ನಮ್ಮ ಮೂಲ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ. ಹ್ಯಾರಿ ವೀಡ್ ಎಂಬ ಮಹಾನುಭಾವ ನಮ್ಮನ್ನು ರೂಪಿಸಿ 1904ರ ಆಗಸ್ಟ್ 23ರಂದು ಪೇಟೆಂಟು ಪಡೆದ. ನಂಬರು 7,68,495. ನಮ್ಮ ಕೀರ್ತಿ ಎಷ್ಟಿತ್ತೆಂದರೆ, 1908ರಲ್ಲಿ ಜಾದೂಗಾರ ಹೌದಿನಿಯನ್ನೇ ನಮ್ಮ ಕಂಪನಿಯವರು ಟೈರು ಚೈನುಗಳಲ್ಲಿ ಬಿಗಿದು ‘ಬಿಡಿಸಿಕೋ ನೋಡೋಣ’ ಎಂದು ಸವಾಲು ಹಾಕಿದರು.

ನಾವು: ಬಿಡಿಸಿಕೊಂಡನೆ?

ಚೈನ್: ಬಿಡಿಸಿಕೊಂಡ. ಅದಿರಲಿ. ಈ ಮನೆಯವರು ನನ್ನನ್ನು ಚೀಲದಿಂದ ಬಿಡಿಸಲಾರದೆ ಬ್ಲೇಡು ಹಾಕಿ ಚೀಲ ಕೊಯ್ದರು. ಆ ಮಟ್ಟಿಗೆ ನಾನು ಹೌದಿನಿಗಿಂತ ದೊಡ್ಡವರನ್ನು ಕಟ್ಟಿಹಾಕಿದ್ದೇನೆ.

(ಈ ಹೊತ್ತಿಗೆ ಕಾಯಿರಾಶಿಯ ಹಿಂದಿನಿಂದ ಯಾರೋ ಕೆಮ್ಮಿದರು. ನೋಡಿದರೆ ಸುರುಳಿ ಸುತ್ತಿಕೊಂಡು ಮಲಗಿದ್ದ ತೆಂಗಿನ ನಾರಿನ ಹಳೇ ಹಗ್ಗ. ಸಂದರ್ಶನಕ್ಕೆ ಅದನ್ನು ಕರೆದಿರಲಿಲ್ಲ.)

ಹಗ್ಗ: ಅಲ್ಲ ಕಣಯ್ಯ, ಅರ್ಧ ಕತೆ ಹೇಳಿ ಅರ್ಧ ನುಂಗ್ತೀಯಲ್ಲ. ಆ ವೀಡಪ್ಪ ಯಾವುದನ್ನ ನೋಡಿ ನಿನ್ನ ಮಾಡ್ದ ಅಂತ ಹೇಳು.

ಚೈನ್: ಅದು ಅಷ್ಟು ಮುಖ್ಯವಲ್ಲ.

ಹಗ್ಗ: ನಾನು ಹೇಳ್ತೀನಿ ಬರ್ಕಳಿ ಸ್ವಾಮಿ. ಆಗ ಅವರ ದೇಶದಾಗೂ ಮಣ್ಣು ರಸ್ತೆನೇ. ಕಾರು ಹೂತ್ಕಂಡ್ರೆ ಜನ ಚಕ್ರಕ್ಕೆ ಹಗ್ಗ ಸುತ್ತೋರು. ಹಗ್ಗ ಇಲ್ದಿದ್ರೆ ಬಳ್ಳಿ ಸುತ್ತೋರು. ಅದನ್ನ ನೋಡ್ಕಂಡೇ ಆವಯ್ಯ ಕಬ್ಬಿಣದಾಗೆ ಮಾಡ್ದ. ಅವನ ಮರಿಮಗನೇ ಹಂಗೆ ಹೇಳವ್ನೆ. ಹಿಮಕ್ಕೆ ಮಾತ್ರ ಅಲ್ಲ, ಕೆಸರಿಗೂ ಸೇರಿಸೇ ಮಾಡಿದ್ದು. ಇವನ ಅಜ್ಜನ ಅಜ್ಜ ನಾನು. ನನ್ನ ಮುಂದೆ ಇವನು ಹಿಮದ ಮಾತಾಡ್ತಾನೆ.

ನಾವು: (ಚೈನಿಗೆ) ನಿಜವೆ?

ಚೈನ್: ಪ್ರತಿಯೊಬ್ಬರ ವಂಶದಲ್ಲೂ ಒಬ್ಬ ಬಡ ನೆಂಟ ಇರುತ್ತಾನೆ.

ನಾವು: ಕೆಸರಿಗೂ ಬರುತ್ತೀರಿ ಅಂದಮೇಲೆ ಕರ್ನಾಟಕದಲ್ಲಿ ನಿಮಗೆ ಕೆಲಸಕ್ಕೇನು ಬರ? ಮಲೆನಾಡಿನಲ್ಲಿ ಮಳೆಗಾಲ ಹಿಡಿದರೆ ತೋಟದ ಜೀಪುಗಳು ಚಕ್ರಕ್ಕೆ ಚೈನ್ ಕಟ್ಟಿಕೊಂಡೇ ಘಾಟಿಯ ಮಣ್ಣು ದಾರಿ ಹತ್ತುತ್ತವೆ. ರೋಗಿಗಳನ್ನು ಆಸ್ಪತ್ರೆಗೆ ಇಳಿಸುವುದೂ ಅವೇ.

ಚೈನ್: ಆ ಜೀಪಿನ ಚೈನಿನ ಹೆಸರು ನನ್ನ ಮುಂದೆ ಎತ್ತಬೇಡಿ. ಅವನು ಎಂಥವನು? ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಜಿ ಲೆಕ್ಕದಲ್ಲಿ ತೂಗಿಸಿಕೊಂಡು ಬಂದವನು. ಚೀಲವಿಲ್ಲ, ಪುಸ್ತಕವಿಲ್ಲ, ಪೇಟೆಂಟಿಲ್ಲ. ಜೂನ್‌ನಿಂದ ಅಕ್ಟೋಬರಿನವರೆಗೆ ಕೆಸರಲ್ಲೇ ಬಿದ್ದಿರುತ್ತಾನೆ.

ಹಗ್ಗ: ಅವನು ಕೆಲ್ಸ ಮಾಡ್ತಾನೆ, ನೀನು ನೇತಾಡ್ತೀಯ. ಅಷ್ಟೇ ವ್ಯತ್ಯಾಸ.

ನಾವು: ಇಲ್ಲಿ ಬಿಳಿಗೆರೆಯಲ್ಲಿ ಒಂದು ಸಲವೂ ನಿಮ್ಮನ್ನು ಇಳಿಸಿಲ್ಲವೆ?

(ಚೈನ್ ಮೌನ. ಹಗ್ಗ ನಕ್ಕಿತು.)

ಹಗ್ಗ: ಇಳ್ಸವ್ರೆ. ಹೋದ ಹಿಂಗಾರಿನಾಗೆ. ನಮ್ಮ ತೋಟದ ದಾರಿ ನೋಡೀರಾ? ಎರಡು ಫರ್ಲಾಂಗು. ಕೆಂಪು ಮಣ್ಣು, ಅದ್ರ ಮೇಲೆ ಕೆರೆಗೋಡು ಹೊಡೆಯೋ ಟ್ರ್ಯಾಕ್ಟರುಗಳಿಂದ ಉದುರಿದ ಗೋಡು. ನಾಕು ಹನಿ ಬಿದ್ರೆ ಸಾಕು, ಬೆಣ್ಣೆ. ಗಾಡಿ ಒಳಕ್ಕೆ ಹೋಗಿ ಅಚ್ಚು ನೆಲಕ್ಕೆ ಕೂತ್ಕಂತು. ಮಗ ‘ತಾಳು, ಮನಾಲಿ ಚೈನ್ ಐತೆ’ ಅಂತ ಓಡಿಬಂದ. ಇವನಿಗೇನು ಸಡಗರ ಅಂತೀರಿ! ಏಣಿ ಇಳಿಯೋವಾಗ ನನ್ನ ಕಡೆ ತಿರುಗೂ ನೋಡ್ಲಿಲ್ಲ.

ಚೈನ್: ನನ್ನನ್ನು ಹಿಂದಿನ ಚಕ್ರಕ್ಕೆ ಕಟ್ಟಿದರು! ಎಳೆಯದ ಚಕ್ರಕ್ಕೆ! ನಾನು ಅಲ್ಲಿ ಸುಮ್ಮನೆ ಒಡವೆ ಹಾಕಿಕೊಂಡ ಹಾಗೆ ಕೂತಿದ್ದೆ, ಮುಂದಿನ ಚಕ್ರ ಗಿರ್ರನೆ ತಿರುಗಿ ಅರ್ಧ ತೋಟದ ಕೆಸರನ್ನು ಯಜಮಾನರ ಬಿಳಿ ಪಂಚೆಗೆ ಎರಚಿತು. ಆಮೇಲೆ ಯಾರೋ ಹೇಳಿದರೆಂದು ಮುಂದಕ್ಕೆ ಕಟ್ಟಿದರು. ಅಷ್ಟು ಹೊತ್ತಿಗೆ ಹೊಟ್ಟೆಯೇ ಕೆಸರಿನ ಮೇಲೆ ಕೂತಿತ್ತು. ಗಾಡಿಯ ಭಾರ ಚಕ್ರದ ಮೇಲೆ ಬೀಳದಿದ್ದರೆ ನಾನು ಏನನ್ನು ಒತ್ತಿ ಹಿಡಿಯಲಿ? ಕಾಲು ಒತ್ತಿದ ಹಾಗೆ ನಾನು ಗುಂಡಿಯನ್ನೇ ತೋಡಿದೆ. ಒಪ್ಪಿಕೊಳ್ಳುತ್ತೇನೆ, ಚೆನ್ನಾಗಿಯೇ ತೋಡಿದೆ.

ನಾವು: ಕೊನೆಗೆ ಗಾಡಿ ಹೊರಗೆ ಬಂದದ್ದು?

ಹಗ್ಗ: ತ್ವಾಟದ ಆಳು ಬಂದ. ಗಾಡಿಗೆ ಜಾಕ್ ಕೊಟ್ಟು ಎತ್ತಿ, ಚಕ್ರದ ಅಡಿಗೆ ಕಾಯಿ ಸಿಪ್ಪೆ ತುಂಬಿ, ಅದ್ರ ಮುಂದಕ್ಕೆ ತೆಂಗಿನ ಗರಿ ಅಡ್ಡಡ್ಡ ಹಾಸ್ದ. ನನ್ನ ತಂದು ಗಾಡಿಗೂ ಟ್ರ್ಯಾಕ್ಟರಿಗೂ ಬಿಗಿದ. ‘ಜಾಸ್ತಿ ಒತ್ತಬ್ಯಾಡಿ ಅಣ್ಣ, ಉಸಿರು ಬಿಟ್ಟಂಗೆ ಬಿಡಿ’ ಅಂದ. ಬಂತು. ಕತೆ ಮುಗೀತು.

ನಾವು: ಟ್ರ್ಯಾಕ್ಟರು ಯಾರದು?

ಹಗ್ಗ: ಅದೇ ಸ್ವಾಮಿ ಇರೋದು ವಿಷ್ಯ. ದಾಯಾದಿದು. ಯಜಮಾನರ ತಮ್ಮಂದು.

ಇಲ್ಲಿ ನಾವು ಸಂದರ್ಶನ ನಿಲ್ಲಿಸಿ ಕೆಳಗಿಳಿದು ಆ ದಾರಿಯನ್ನು ನೋಡಿ ಬಂದೆವು. ಎಡಕ್ಕೆ ಅಣ್ಣನ ತೋಟ, ಬಲಕ್ಕೆ ತಮ್ಮನ ತೋಟ. ನಡುವೆ ಇಬ್ಬರಿಗೂ ಸೇರಿದ ದಾರಿ. ಇಬ್ಬರೂ ಅದರಲ್ಲೇ ಕಾಯಿ ಸಾಗಿಸಬೇಕು, ಇಬ್ಬರೂ ಅದರಲ್ಲೇ ಹೂತುಕೊಳ್ಳಬೇಕು. ಗರಸು ಹೊಡೆಸಿ ಎಂದರೆ ಅಣ್ಣ ‘ನಾನು ಹೊಡೆಸಿದರೆ ಅವನೂ ಓಡಾಡ್ತಾನೆ’ ಎನ್ನುತ್ತಾರೆ. ತಮ್ಮನನ್ನು ಕೇಳಿದರೆ ಅದೇ ಮಾತು ಇನ್ನೊಂದು ಬೇಲಿಯಿಂದ ಬರುತ್ತದೆ. ಮೂರಡಿ ಒತ್ತುವರಿಯ ತಕರಾರು ತಿಪಟೂರಿನ ಕೋರ್ಟಿನಲ್ಲಿದೆ. ವಕೀಲರು ಮಾತ್ರ ಈ ಪ್ರಕರಣದಲ್ಲಿ ಎಲ್ಲೂ ಜಾರಿಲ್ಲ.

ನಾವು: (ಮತ್ತೆ ಅಟ್ಟ ಹತ್ತಿ) ಇದಕ್ಕೆ ನಿಮ್ಮ ಅಭಿಪ್ರಾಯ?

ಚೈನ್: ನನ್ನ ಬೆಲೆಗೆ ಎರಡು ಲೋಡು ಗರಸು ಬರುತ್ತಿತ್ತು. ಆದರೆ ಗರಸು ನೆಲಕ್ಕೆ ಬಿದ್ದರೆ ಎಲ್ಲರದು. ನನ್ನನ್ನು ಚಕ್ರಕ್ಕೆ ಕಟ್ಟಿದರೆ ಹಿಡಿತ ನನ್ನ ಯಜಮಾನರೊಬ್ಬರದೇ. ಹಿಮದ ದೇಶಗಳಲ್ಲೂ ಈ ಜಗಳ ಇರಬಹುದು ಅಂದುಕೊಂಡಿದ್ದೆ. ಆದರೆ ಅಲ್ಲಿ ನಸುಕಿನಲ್ಲೇ ಲಾರಿ ಬಂದು ರಸ್ತೆಗೆ ಉಪ್ಪು, ಮರಳು, ಜಲ್ಲಿಪುಡಿ ಎರಚಿ ಹೋಗುತ್ತದೆ. ಯಾರ ಮನೆ ಮುಂದೆ ಯಾರ ಮರಳು ಬಿತ್ತು ಅಂತ ಯಾರೂ ಅಳೆಯುವುದಿಲ್ಲ. ಎಷ್ಟೋ ದಿನ ನಮ್ಮನ್ನು ಡಿಕ್ಕಿಯಿಂದ ತೆಗೆಯುವ ಅಗತ್ಯವೇ ಬರುವುದಿಲ್ಲ. ರಸ್ತೆ ಚೆನ್ನಾಗಿದ್ದರೆ ನನಗೆ ಕೆಲಸವಿಲ್ಲ ಎಂಬ ಸತ್ಯವನ್ನು ನಾನು ಇದುವರೆಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಹಗ್ಗ: ಬರೀ ಗರಸು ಸುರಿದ್ರೂ ನಿಲ್ಲಲ್ಲ ಸ್ವಾಮಿ. ಮಳೆಗೆ ಮಣ್ಣು ಮೆತ್ತಗಾಗ್ತೈತೆ, ಗರಸು ಅದ್ರೊಳಕ್ಕೆ ಇಳ್ಕಂತೈತೆ. ಮೂರು ವರ್ಸಕ್ಕೆ ಗರಸೆಲ್ಲ ಪಾತಾಳದಾಗೆ. ಅದಕ್ಕೆ ನಮ್ಮೋರೇ ಒಬ್ರು ಮದ್ದಾಗವ್ರೆ.

ನಾವು: ಯಾರು?

ಹಗ್ಗ: ನಾನೇ. ನನ್ನ ಹೊಸೆದ್ರೆ ಹಗ್ಗ, ನೇಯ್ದ್ರೆ ಹಾಸು. ಮಣ್ಣಿನ ಮೇಲೆ ನಾರಿನ ಹಾಸು ಹಾಸಿ, ಅದ್ರ ಮೇಲೆ ಗರಸು ಹಾಕಿ ರೋಲರ್ ಹೊಡೆದ್ರೆ ಗರಸು ಕೆಳಕ್ಕಿಳಿಯಲ್ಲ, ಕೆಸರು ಮೇಲಕ್ಕೆ ಬರಲ್ಲ, ನೀರು ಮಾತ್ರ ಸೋಸಿ ಹೋಗ್ತೈತೆ. ನಾನು ಒಂದಷ್ಟು ವರ್ಸಕ್ಕೆ ಕೊಳೆತು ಮಣ್ಣಾಗ್ತೀನಿ, ಅಷ್ಟೊತ್ತಿಗೆ ದಾರಿ ಗಟ್ಟಿ ಆಗಿರ್ತೈತೆ.

ಹಗ್ಗ ಬಡಾಯಿ ಕೊಚ್ಚುತ್ತಿಲ್ಲ. ನಾರಿನ ಈ ಹಾಸನ್ನು ಗ್ರಾಮೀಣ ರಸ್ತೆಗಳಿಗೆ ಬಳಸಲು ಭಾರತೀಯ ರಸ್ತೆ ಕಾಂಗ್ರೆಸ್ ಮಾನ್ಯತೆ ಕೊಟ್ಟಿದೆ. 2020ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ಇಂಥ ರಸ್ತೆಗೆಂದು 1,674 ಕಿಲೋಮೀಟರು ಗುರುತಿಸಿದರು. ಆಂಧ್ರದಲ್ಲಿ 164, ಗುಜರಾತಿನಲ್ಲಿ 151, ಕೇರಳದಲ್ಲಿ 71, ಮಹಾರಾಷ್ಟ್ರದಲ್ಲಿ 328, ಒಡಿಶಾದಲ್ಲಿ 470, ತಮಿಳುನಾಡಿನಲ್ಲಿ 369, ತೆಲಂಗಾಣದಲ್ಲಿ 121.

ಚೈನ್: ಕರ್ನಾಟಕ?

ನಾವು: ಆ ಪಟ್ಟಿಯಲ್ಲಿ ಇರಲಿಲ್ಲ.

ಚೈನ್: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೇರಿ ಇಷ್ಟು ಮರ ಇಟ್ಟುಕೊಂಡು?

ಹಗ್ಗ: ಇಲ್ಲಿ ಸಿಪ್ಪೆ ಇರೋದು ನೀರೊಲೆಗೆ ಕಣಪ್ಪ. ದಿಲ್ಲಿಗೆ ಹೋಗೋದು ಕೊಬ್ಬರಿ ಮಾತ್ರ. ಈ ಅಟ್ಟದಿಂದ ಹೋದ ಕೊಬ್ಬರಿ ಉತ್ತರದ ಚಳಿ ಎಷ್ಟು ನೋಡೈತೋ, ನೀನು ನೋಡಿಲ್ಲ. ಹೋದದ್ದು ಒಂದೂ ವಾಪಸ್ ಬಂದು ಬಡಾಯಿ ಕೊಚ್ಚಿಲ್ಲ.

ನಾವು: (ಚೈನಿಗೆ) ಕೊನೆಯ ಪ್ರಶ್ನೆ. ನಿಮ್ಮ ಮುಂದಿನ ಯೋಜನೆ?

ಚೈನ್: ಹೋದ ವಾರ ಮನೆಯಲ್ಲಿ ಒಂದು ಮಾತು ಬಂತು. ಬಾವಿ ಹತ್ತಿರದ ಗೇಟಿಗೆ ಬೀಗ ಹಾಕಲು ಸರಪಳಿ ಬೇಕಂತೆ, ದಾಯಾದಿ ಒಳಗೆ ಬರದ ಹಾಗೆ. ಯಜಮಾನರು ‘ಮೇಲೆ ಒಂದೈತಲ್ಲ’ ಎಂದರು. ಹಿಡಿತಕ್ಕೆ ಹುಟ್ಟಿದ ನನ್ನನ್ನು ತಡೆಗೆ ಹಾಕುತ್ತಾರೆ. ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿ.

ಹಾಕಿದ್ದೇವೆ. ಓದುಗರ ಗಮನಕ್ಕೆ:

ಈ ಚಳಿಗಾಲದಲ್ಲಿ ಮನಾಲಿ, ಗುಲ್ಮಾರ್ಗ್ ಕಡೆಗೆ ಸ್ವಂತ ಗಾಡಿಯಲ್ಲಿ ಹೊರಡುವವರಿಗೆ ಬಿಳಿಗೆರೆಯಲ್ಲಿ ಒಂದು ಜೊತೆ ಸ್ನೋ ಚೈನ್ ದೊರೆಯುತ್ತದೆ. ಎರಡು ಕೊಂಡಿಗೆ ಬೇಲಿ ತಂತಿ ಸುತ್ತಿದೆ. ಹೊಸ ಕೊಂಡಿ ಹಾಕಿಸಿಕೊಳ್ಳುವುದು ಕೊಂಡೊಯ್ಯುವವರ ಜವಾಬ್ದಾರಿ. ನಿಮ್ಮ ಟೈರಿನ ಪಕ್ಕೆಯ ಮೇಲೆ ಬರೆದಿರುವ ಅಳತೆ ಬರೆದುಕೊಂಡು ಬನ್ನಿ, ಹೊಂದದಿದ್ದರೆ ಒಯ್ಯಬೇಡಿ. ಯಾವ ಚಕ್ರ ಎಳೆಯುತ್ತದೆಂದು ತಿಳಿದುಕೊಂಡು ಬನ್ನಿ. ಹೊರಡುವ ಮೊದಲು ಮನೆಯ ಅಂಗಳದಲ್ಲಿ ನೀವೇ ಒಂದು ಸಲ ಕಟ್ಟಿ ಬಿಚ್ಚಿ ನೋಡಿ. ಬಾಡಿಗೆ ಹಣ ಬೇಡ. ತೋಟದ ದಾರಿಗೆ ಒಂದು ಲೋಡು ಗರಸು ಸುರಿದರೆ ಸಾಕು, ಅದೂ ರಾತ್ರಿ ಹೊತ್ತು. ಅಣ್ಣ ಕೇಳಿದರೆ ತಮ್ಮ ಸುರಿಸಿದ್ದು ಅನ್ನಬೇಡಿ, ತಮ್ಮ ಕೇಳಿದರೆ ಅಣ್ಣ ಸುರಿಸಿದ್ದು ಅನ್ನಬೇಡಿ. ಬೆಳಗಾಗುವುದರೊಳಗೆ ಅದನ್ನೂ ಗೋರಿ ತೆಗೆದುಬಿಟ್ಟಾರು.